ನಡುನೀರಿನಲ್ಲಿ ಒಂಬತ್ತು ಸುತ್ತು

ಮಾಸ್ತಪ್ಪನ ಫೋನು ಬಂದಾಗ ವಿಘ್ನೇಶ್ವರನ ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು. ಬಿದ್ದದ್ದು ಸಾಗರದ ಪೇಟೆಯ ಸೈಕಲ್ ಅಂಗಡಿಯಲ್ಲಿ; ಸದ್ದು ಕೇಳಿದ್ದು ಜೋಗದ ತನಕ. ಅಲ್ಲಿ ಬೀಳುತ್ತಿದ್ದ ನೀರು ಒಂದು ಕ್ಷಣ ನಡುವೆಯೇ ನಿಂತು, ಏನಾಯ್ತು ಅಂತ ತಿರುಗಿ ನೋಡಿತಂತೆ.

"ಭಟ್ರೇ, ಶನಿವಾರ ಬೆಳಿಗ್ಗೆ ಫಸ್ಟ್ ಲಾಂಚಿಗೆ ಬರ್ಬೇಕು ನೀವು," ಅಂದ ಮಾಸ್ತಪ್ಪ. "ನಮ್ಮ ಹೇಮಿ ವಿಷ್ಯ."

ಮುಗೀತು ಅಂದುಕೊಂಡ ವಿಘ್ನೇಶ್ವರ. ಮಗಳ ವಿಷಯ ಗೊತ್ತಾಗಿಹೋಗಿದೆ. ಮೂವತ್ತು ವರ್ಷ ಶರಾವತಿ ಹಿನ್ನೀರಿನಲ್ಲಿ ಲಾಂಚ್ ತಿರುಗಿಸಿದ ಕೈ ಅದು. ಬಸ್ಸು, ಲಾರಿ, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತ ಲಾಂಚನ್ನು ಎರಡು ಬೆರಳಲ್ಲಿ ತಿರುಗಿಸುವವನು, ಒಬ್ಬ ಸೈಕಲ್ ರಿಪೇರಿಯವನ ಕತ್ತನ್ನು ಎಷ್ಟು ಬೆರಳಲ್ಲಿ ತಿರುಗಿಸಿಯಾನು?

"ಎಂಥ... ವಿಷ್ಯ?"

"ರೇಸು ಮಾರ್ರೇ! ಜಪಾನಿಂದು. ನನ್ನ ಡಬ್ಬಾ ಫೋನಲ್ಲಿ ಚಿತ್ರ ಬರಲ್ಲ. ನಿಮ್ಮತ್ರ ದೊಡ್ಡ ಫೋನಿದೆ, ಇಂಗ್ಲಿಷೂ ಬರುತ್ತೆ. ಡ್ಯೂಟಿ ಬಿಟ್ಟು ನಾ ಬರಂಗಿಲ್ಲ. ಲಾಂಚಲ್ಲೇ ನೋಡಣ."

ವಿಘ್ನೇಶ್ವರ ಎಷ್ಟು ಜೋರಾಗಿ ಉಸಿರು ಬಿಟ್ಟನೆಂದರೆ, ಎದುರಿಗಿದ್ದ ಪಂಕ್ಚರಾದ ಟೈರಿಗೆ ಅರ್ಧ ಗಾಳಿ ತುಂಬಿಕೊಂಡಿತು.

*

ಹೇಮಾವತಿ ಅವನ ಅಂಗಡಿಗೆ ಮೊದಲ ಸಲ ಬಂದದ್ದು ಮೂರು ವರ್ಷದ ಹಿಂದೆ. ಗೇರ್ ಮುರಿದ ರೇಸ್ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ತಂದಿದ್ದಳು.

"ಯಾರದ್ದು ಇದು? ಅಣ್ಣಂದಾ?" ಅಂತ ಕೇಳಿಬಿಟ್ಟ ಪುಣ್ಯಾತ್ಮ.

ಅವಳು ಸೈಕಲ್ ಕೆಳಗಿಳಿಸಿದಳು. ಅವನನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ನಿಧಾನ ನೋಡಿದಳು. "ನಂಗೆ ಅಣ್ಣ ಇನ್ನೂ ಹುಟ್ಟಿಲ್ಲ. ನೀವೇ ರಿಪೇರಿ ಮಾಡ್ತೀರಾ, ಅವನು ಹುಟ್ಟೋ ತನಕ ಕಾಯ್ಬೇಕಾ?"

ಅವಳ ಕಣ್ಣುಗಳ ಸುತ್ತ ಈಜುಗನ್ನಡಕ ಒತ್ತಿದ ಎರಡು ತೆಳ್ಳನೆಯ ಉಂಗುರಗಳಿದ್ದವು. ನಕ್ಕಾಗ ಉಂಗುರ ಸಣ್ಣದಾಗುತ್ತಿತ್ತು. ಸಿಟ್ಟು ಬಂದಾಗ ದೊಡ್ಡದಾಗುತ್ತಿತ್ತು. ವಿಘ್ನೇಶ್ವರ ಆವತ್ತು ಎಡಗಡೆಯ ಉಂಗುರದೊಳಗೆ ಬಿದ್ದವನು, ಇವತ್ತಿನ ತನಕ ಮೇಲೆ ಹತ್ತಿಲ್ಲ.

ಅವಳು ಮಾಡುವುದು ಟ್ರಯಾತ್ಲಾನ್ ಅಂತ ಅವನಿಗೆ ಆಮೇಲೆ ತಿಳಿಯಿತು. ಒಂದೂವರೆ ಕಿಲೋಮೀಟರ್ ಈಜು, ನೀರಿಂದೆದ್ದು ನಲವತ್ತು ಕಿಲೋಮೀಟರ್ ಸೈಕಲ್ಲು, ಸೈಕಲ್ ಇಳಿದು ಹತ್ತು ಕಿಲೋಮೀಟರ್ ಓಟ. ನಡುವೆ ಒಂದು ಲೋಟ ಚಾ ಕುಡಿಯುವಷ್ಟೂ ಬಿಡುವಿಲ್ಲ. ನಮ್ಮ ಸೀಮೆಯಲ್ಲಿ ಈ ಮೂರನ್ನೂ ಒಟ್ಟಿಗೆ ಮಾಡುವುದು ಕಾಡುಕೋಣದಿಂದ ಅಟ್ಟಿಸಿಕೊಂಡವರು ಮಾತ್ರ.

ಹೇಮಾವತಿ ದಿನಾ ಮಾಡುತ್ತಿದ್ದಳು. ನಿಟ್ಟೂರಿನಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ, ತಿರುಗಿ ವಾಪಸ್. ಒಂದು ದಿನ ಹುಂಚದ ಬಸ್ಸನ್ನು ಏರಿನಲ್ಲಿ ಹಿಂದೆ ಹಾಕಿದಳು. ಡ್ರೈವರಿಗೆ ಎಷ್ಟು ಅವಮಾನವಾಯಿತೆಂದರೆ, ಅವನು ಆವತ್ತೇ ಮೀಸೆ ಬೋಳಿಸಿದ. ಅವಳ ಹಿಂದೆ ಬೈಕಿನಲ್ಲಿ ಟ್ಯೂಬು, ಪಂಪು, ಬಾಳೆಹಣ್ಣು ಕಟ್ಟಿಕೊಂಡು ಹೋಗುತ್ತಿದ್ದವನು ವಿಘ್ನೇಶ್ವರ. ಮೂರು ವರ್ಷ ಅವಳ ಬೆನ್ನನ್ನೇ ನೋಡಿದ್ದಾನೆ. ಬೆನ್ನು ನೋಡಿಯೇ ಅವಳ ಮುಖದಲ್ಲಿ ಏನಿದೆ ಅಂತ ಹೇಳಬಲ್ಲ.

ಅವಳಿಗಿದ್ದದ್ದು ಒಂದೇ ದೋಷ. ಈಜುವಾಗ ಆರು ಕೈಗೊಮ್ಮೆ ತಲೆ ಎತ್ತಿ ಮುಂದೆ ನೋಡುತ್ತಿದ್ದಳು. ಹಿನ್ನೀರಿನ ಮಕ್ಕಳೆಲ್ಲ ಹಾಗೇ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡಿನ ಒಣ ಬೊಡ್ಡೆಗಳು ಇವತ್ತಿಗೂ ನೀರೊಳಗೆ ನಿಂತಿವೆ. ತಲೆ ಎತ್ತದೆ ಈಜಿದವನ ಹಣೆ ಒಡೆಯುತ್ತದೆ. ಮಾಸ್ತಪ್ಪ ಮಗಳಿಗೆ ಐದನೇ ವರ್ಷಕ್ಕೆ ಕಲಿಸಿದ ಮೊದಲ ಪಾಠವೇ ಅದು. "ಅಲ್ಲಿ ಬೊಡ್ಡೆ ಇಲ್ಲ, ತಲೆ ಒಳಗಿಡು, ಸೆಕೆಂಡ್ ಹೋಗುತ್ತೆ," ಅಂತ ಪುಣೆಯ ಕೋಚ್ ಗಂಟಲು ಹರಿದುಕೊಂಡರು. ಅವಳ ಕುತ್ತಿಗೆ ಕೇಳಲಿಲ್ಲ.

*

ಜಪಾನಿಗೆ ಹೊರಡುವ ಹಿಂದಿನ ವಾರ ಇಬ್ಬರೂ ಮಾಸ್ತಿಕಟ್ಟೆಯಲ್ಲಿ ಚಾ ಕುಡಿಯುತ್ತಿದ್ದರು. ಅದು ವಿಶ್ವ ಸರಣಿಯ ರೇಸು. ಅದಕ್ಕಿಂತ ಮೇಲೆ ಇರುವುದು ಒಲಿಂಪಿಕ್ಸ್ ಒಂದೇ. ಐವತ್ತೈದು ಜನರ ಪಟ್ಟಿಯಲ್ಲಿ ಅವಳದ್ದು ಐವತ್ತೈದನೇ ಹೆಸರು.

"ಅಪ್ಪ ತೀರ್ಥಹಳ್ಳಿಯವರಿಗೆ ಸೋಮವಾರ ಬರೋಕೆ ಹೇಳಿದ್ದಾರೆ," ಅಂದಳು ಹೇಮಾವತಿ, ಲೋಟದೊಳಗೆ ನೋಡುತ್ತ. "ಹುಡುಗನ ಹೆಸರು ದುರ್ಗೇಶ್ ಅಂತೆ. ನಾನು ವಾಪಸ್ ಬರೋದು ಮಂಗಳವಾರ. ಅಪ್ಪ ಸೋಮವಾರನೇ ಮಾತು ಕೊಟ್ಟುಬಿಡ್ತಾರೆ. ಕೊಟ್ಟ ಮಾತು ಅಪ್ಪ ವಾಪಸ್ ತಗೊಳಲ್ಲ."

"ನಮ್ಮ ವಿಷ್ಯ ಈಗ್ಲೇ ಹೇಳು ಹಂಗಾರೆ."

"ನೀನು ಹೇಳು."

"ನಂಗೆ ನಿನ್ನ ಅಪ್ಪನ್ನ ಕಂಡ್ರೆ ಕಾಲು ನಡುಗ್ತು ಮಾರಾಯ್ತಿ. ಮೇಲಿಂದ ಯಮ್ಮನೆ ಜಾತಿ ಬೇರೆ, ನಿಮ್ಮನೆ ಜಾತಿ ಬೇರೆ. ಅವ್ರು ಎಂತ ಹೇಳ್ತಾರೋ."

"ನಿನ್ನ ಅಮ್ಮಂಗೆ ಹೇಳ್ದೆ ಅಂದ್ಯಲ್ಲ?"

"ಹೇಳ್ದೆ. ಮೂರು ದಿನ ಮಾತು ಬಿಟ್ಟಳು. ನಾಲ್ಕನೇ ದಿನ, 'ಆ ಕೂಸು ಬೆಳಗ್ಗೆ ಎಂತ ತಿಂತು?' ಅಂತ ಕೇಳಿದಳು."

ಹೇಮಾವತಿಯ ಕಣ್ಣಿನ ಉಂಗುರ ಸಣ್ಣದಾಯಿತು. ಆಮೇಲೆ ಮೆಲ್ಲಗೆ ದೊಡ್ಡದಾಯಿತು.

"ಪಂದ್ಯ ಕಟ್ಟಣ. ಸೈಕಲ್ಲಿನಲ್ಲಿ ಒಂಬತ್ತು ಸುತ್ತು ಇದೆ. ಮುಂದಿನವರು ಒಂದಿಡೀ ಸುತ್ತು ಜಾಸ್ತಿ ಹೊಡೆದು ಹಿಂದಿನಿಂದ ಬಂದು ನನ್ನನ್ನ ದಾಟಿದ್ರೆ, ಅಲ್ಲೇ ಸೈಕಲ್ ಇಳಿಸಿ ಹೊರಗೆ ಹಾಕ್ತಾರೆ. ನಾ ರೇಸ್ ಮುಗಿಸಿದ್ರೆ ಅಪ್ಪಂಗೆ ನಾನೇ ಫೋನ್ ಮಾಡಿ ಹೇಳ್ತೀನಿ. ಹೊರಗೆ ಹಾಕಿದ್ರೆ ನೀನು ಹೇಳ್ಬೇಕು."

"ನೀ ಸೋತ್ರೆ ಶಿಕ್ಷೆ ನಂಗಾ?"

ಅವಳು ಈ ಸಲ ನಗಲಿಲ್ಲ. "ಸೋತ ದಿನ ಅಪ್ಪನ ಎದುರು ನಿಲ್ಲೋ ಧೈರ್ಯ ನಂಗಿರಲ್ಲ ವಿಘ್ನು. ಆವತ್ತು ನೀನು ನಿಲ್ಬೇಕು."

*

ಹೀಗಾಗಿ ಶನಿವಾರ ಬೆಳಿಗ್ಗೆ ಏಳಕ್ಕೆ ವಿಘ್ನೇಶ್ವರ ಹೊಳೆಕೊಪ್ಪದ ಕಡವಿನಲ್ಲಿ ಲಾಂಚ್ ಹತ್ತಿದ. ಲಾಂಚಿನಲ್ಲಿ ಒಂದು ಪಿಕಪ್ಪು, ಎರಡು ಬೈಕು, ಹತ್ತು ಹನ್ನೆರಡು ಜನ. ಮುಂದುಗಡೆಯ ಬೆಂಚಿನಲ್ಲಿ ಮಗಳ ಮನೆಗೆ ಹಲಸಿನಹಣ್ಣು ಹೊತ್ತು ಹೊರಟ ಜಲಜಮ್ಮ. ಹಣ್ಣಿನ ಗಾತ್ರ ನೋಡಿದರೆ ಅದಕ್ಕೂ ಒಂದು ಟಿಕೆಟ್ ಕೊಡಬೇಕಿತ್ತು. ಪಕ್ಕದಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರ್ ಮಂಜುನಾಥಪ್ಪ; ಅವರ ಕೈಗಡಿಯಾರ ನೋಡಿ ಸೂರ್ಯ ಹುಟ್ಟುತ್ತಾನೆ ಅಂತ ಹೊಸನಗರದ ಕಡೆ ಪ್ರತೀತಿ.

ಎರಡೂ ದಂಡೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಸಿಗುವುದು ನಡುನೀರಿನಲ್ಲಿ ಮಾತ್ರ, ಮಾಸ್ತಪ್ಪನ ಅಜ್ಜನ ಮನೆ ಮುಳುಗಿದ ಜಾಗದ ನೆತ್ತಿಯ ಮೇಲೆ. ಸರಿಯಾಗಿ ಅಲ್ಲಿಗೆ ಬಂದಾಗ ಲಾಂಚು ಕೆಮ್ಮಿತು, ಸೀನಿತು, ನಿಂತುಬಿಟ್ಟಿತು.

"ಎಂತಾಯ್ತು ಮಾಸ್ತಪ್ಪ?" ಜಲಜಮ್ಮ ಕೂಗಿದಳು.

"ಇಂಜಿನ್ ಕೆಟ್ಟಿತು." ಮಾಸ್ತಪ್ಪ ಕೈ ಒರೆಸಿಕೊಳ್ಳುತ್ತ ಕ್ಯಾಬಿನ್ನಿನಿಂದ ಇಳಿದು ಬಂದ. "ಬಿಸಿಯಾಗಿದೆ. ತಣ್ಣಗಾಗ್ಲಿ."

"ಎಷ್ಟು ಹೊತ್ತು?" ಮಂಜುನಾಥಪ್ಪ ಗಡಿಯಾರ ನೋಡಿದರು.

"ಇಂಜಿನ್ನನ್ನೇ ಕೇಳ್ಬೇಕು," ಅಂದವನು ವಿಘ್ನೇಶ್ವರನ ಪಕ್ಕದಲ್ಲಿ ಬಂದು ಕೂತ. ಎಷ್ಟು ಹತ್ತಿರ ಅಂದರೆ, ಇಬ್ಬರ ನಡುವೆ ಒಂದು ಎಳೆ ದಾರ ಹಾಯಿಸಲೂ ಜಾಗವಿರಲಿಲ್ಲ. "ಹಾಕಿ ಭಟ್ರೇ ನಿಮ್ಮ ಫೋನು."

ಸುತ್ತ ನಾಲ್ಕೂ ಕಡೆ ನೀರು. ವಿಘ್ನೇಶ್ವರನಿಗೆ ಈಜು ಬರುವುದಿಲ್ಲ. ಬಂದಿದ್ದರೆ ಆಗಲೇ ಹಾರಿರುತ್ತಿದ್ದ.

*

ಪರದೆಯ ಮೇಲೆ ಐವತ್ತೈದು ಹುಡುಗಿಯರು ತೇಲುವ ಹಲಗೆಯ ಮೇಲೆ ಸಾಲಾಗಿ ನಿಂತಿದ್ದರು. ತುದಿಯಲ್ಲಿ, ಬೇರೆ ಯಾರಿಗೂ ಬೇಡವಾದ ಜಾಗದಲ್ಲಿ ಹೇಮಾವತಿ. ಸೈರನ್ ಕೂಗಿತು. ಸಮುದ್ರ ಕುದಿಯಿತು. ಅಷ್ಟು ಕೈ, ಅಷ್ಟು ಕಾಲು ಒಟ್ಟಿಗೆ ಬಡಿದದ್ದಕ್ಕೆ ಜಪಾನ್ ಎರಡು ಅಂಗುಲ ಪೂರ್ವಕ್ಕೆ ಸರಿಯಿತು ಅನ್ನಬೇಕು.

ಮೊದಲ ತಿರುವಿನ ಗುರುತಿಗೆ ತೇಲಿಬಿಟ್ಟ ಕಿತ್ತಳೆ ಬಣ್ಣದ ಬುರುಡೆಯ ಹತ್ತಿರ ಎಲ್ಲರೂ ಒಂದೇ ಕಡೆ ನುಗ್ಗಿದರು. ಹೇಮಾವತಿ ನಡುವೆ ಸಿಕ್ಕಿಬಿದ್ದಳು. ಎಡಗಡೆ ಒಬ್ಬಳ ಮೊಣಕೈ, ಬಲಗಡೆ ಇನ್ನೊಬ್ಬಳ ಭುಜ, ಮುಂದೆ ಯಾರದ್ದೋ ಹಿಮ್ಮಡಿ, ಹಿಂದಿನವಳ ಕೈ ಅವಳ ಕಾಲನ್ನು ಕೆಳಗೆ ಒತ್ತುತ್ತಿತ್ತು. ಅವಳು ಮುಳುಗಿದಷ್ಟೂ ಹೊತ್ತು ವಿಘ್ನೇಶ್ವರನೂ ಲಾಂಚಿನ ಬೆಂಚಿನ ಮೇಲೆ ಮುಳುಗಿದ.

ಆಗ ಆ ರಾಶಿಯೊಳಗಿಂದ ಒಂದು ತಲೆ ಮೇಲೆದ್ದಿತು. ಸುತ್ತ ನೋಡಿತು. ಬುರುಡೆಯ ಹೊರಬದಿಯಲ್ಲಿ ಖಾಲಿ ನೀರಿತ್ತು. ತಲೆ ತಗ್ಗಿಸಿದವರಿಗೆ ಅದು ಕಂಡಿರಲಿಲ್ಲ. ಹೇಮಾವತಿ ಮೀನಿನ ಹಾಗೆ ಹೊರಳಿ ಅತ್ತ ಜಾರಿಕೊಂಡಳು.

"ತಲೆ ಎತ್ತಿದ್ಲು! ನೋಡಿದ್ರಾ? ನಾ ಕಲಿಸಿದ್ದು!" ಮಾಸ್ತಪ್ಪ ವಿಘ್ನೇಶ್ವರನ ತೊಡೆಗೆ ಬಡಿದ. ಆ ಹೊಡೆತದ ಗುರುತು ಮುಂದಿನ ದೀಪಾವಳಿಗೂ ಮಾಸಲಿಲ್ಲ.

ನೀರಿಂದ ಏಳುವಾಗ ಅವಳು ನಲವತ್ತೆರಡನೆಯವಳು. ಜಲಜಮ್ಮ ಖುಷಿಗೆ ಹಲಸಿನಹಣ್ಣಿಗೆ ಕತ್ತಿ ಹಾಕಿಯೇಬಿಟ್ಟಳು. "ಮಗಳು ಮುಂದಿನ ವಾರ ತಿನ್ಲಿ. ತಗೊಳ್ಳಿ, ಎಲ್ರೂ ತಗೊಳ್ಳಿ."

*

ಸೈಕಲ್ಲಿನ ಮೂರು ಸುತ್ತು ಅವಳು ಒಂದು ಗುಂಪಿನ ಜೊತೆ ಇದ್ದಳು. ಗುಂಪಿನಲ್ಲಿದ್ದರೆ ಮುಂದಿನವಳ ಬೆನ್ನು ಗಾಳಿ ತಡೆಯುತ್ತದೆ. ನಾಲ್ಕನೇ ಸುತ್ತಿನ ತಿರುವಿನಲ್ಲಿ ಒಂದು ಸೈಕಲ್ ಉದ್ದದ ಸಂದು ಬಿತ್ತು. ಎರಡಾಯಿತು. ಹತ್ತಾಯಿತು. ಆಮೇಲೆ ಅವಳು ಒಬ್ಬಳೇ, ಮುಂದೆ ಗಾಳಿ, ಹಿಂದೆ ಅಟ್ಟಿಸಿಕೊಂಡು ಬರುವ ಮುಂಚೂಣಿ.

"ಭಟ್ರೇ," ಮಾಸ್ತಪ್ಪ ತೊಳೆ ಬಾಯಿಗೆ ಹಾಕಿಕೊಳ್ಳುತ್ತ ಮೆಲ್ಲಗೆ ಶುರುಮಾಡಿದ, "ತೀರ್ಥಹಳ್ಳಿಯ ದುರ್ಗೇಶ್ ಅಂತ ಗೊತ್ತಾ ನಿಮಗೆ?"

ವಿಘ್ನೇಶ್ವರ ತೊಳೆಯ ಜೊತೆ ಬೀಜವನ್ನೂ ನುಂಗಿದ. ಗೊತ್ತಿಲ್ಲದೆ ಏನು? ದುರ್ಗೇಶ್ ಅವನ ಗಿರಾಕಿ. ಸೈಕಲ್ ತೊಳೆಯದೆ ರಿಪೇರಿಗೆ ತಂದವನಲ್ಲ.

"ಗೊತ್ತು."

"ಹುಡುಗ ಹೆಂಗೆ?"

ಕೆಟ್ಟವನು ಅನ್ನಬಹುದಿತ್ತು. ಕುಡಿತಾನೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದ ಸುಳ್ಳುಗಳು ಸಾಗರದ ಬಸ್ ಸ್ಟ್ಯಾಂಡಿನ ಜನದ ಹಾಗೆ ಒಂದರ ಮೇಲೊಂದು ನೂಕಾಡಿದವು. ಒಂದಕ್ಕೂ ಸೀಟು ಸಿಗಲಿಲ್ಲ.

"ಒಳ್ಳೆಯವನು," ಅಂದ ವಿಘ್ನೇಶ್ವರ.

"ಹೌದಾ?" ಮಾಸ್ತಪ್ಪ ಅವನನ್ನೇ ನೋಡಿದ. "ನಿಮ್ಮ ಬಾಯಲ್ಲೇ ಬಂತಲ್ಲ, ಸಾಕು."

ಎಂಟನೇ ಸುತ್ತು. ಮುಂಚೂಣಿಯವರಿಗೆ ಅದು ಒಂಬತ್ತನೆಯದು, ಕೊನೆಯದು; ಅದು ಮುಗಿದರೆ ಅವರು ಸೈಕಲ್ ಬಿಟ್ಟು ಓಟಕ್ಕೆ ಇಳಿಯುತ್ತಾರೆ. ಮೇಲಿಂದ ತೆಗೆದ ಚಿತ್ರದಲ್ಲಿ ಎಲ್ಲ ಸ್ಪಷ್ಟ ಕಂಡಿತು: ಉದ್ದನೆಯ ರಸ್ತೆಯಲ್ಲಿ ಒಂಟಿ ಹೇಮಾವತಿ; ಅವಳ ಹಿಂದೆ, ಜೇನಿನ ಹಿಂಡಿನ ಹಾಗೆ ಹದಿನೈದು ಜನ. ಸುತ್ತು ಮುಗಿಯುವ ಗೆರೆ ಇನ್ನೊಂದು ಕಿಲೋಮೀಟರ್.

"ಅವರಿಗಿಂತ ಮುಂಚೆ ಗೆರೆ ದಾಟಿದ್ರೆ ಬದುಕಿದ್ಲು," ಅಂದ ವಿಘ್ನೇಶ್ವರ. "ಅದಕ್ಕೆ ಮುಂಚೆ ಅವರು ಅವಳನ್ನ ದಾಟಿದ್ರೆ ಹೊರಗೆ."

"ಇಪ್ಪತ್ತೆಂಟು ಸೆಕೆಂಡ್ ಅಂತರ," ಅಂದರು ಮಂಜುನಾಥಪ್ಪ, ಗಡಿಯಾರದಿಂದ ಕಣ್ಣೆತ್ತದೆ. "ಇಪ್ಪತ್ತೊಂದು. ಹದಿನಾಲ್ಕು."

ವಿಘ್ನೇಶ್ವರ ಅವಳ ಬೆನ್ನು ನೋಡಿದ. ಮೂರು ವರ್ಷ ಓದಿದ ಬೆನ್ನು. ಅವಳು ಅಳುತ್ತಿದ್ದಳು. ಅಳುತ್ತಲೇ ತುಳಿಯುತ್ತಿದ್ದಳು.

"ಒಂಬತ್ತು."

ಚಿತ್ರ ಅಲ್ಲೇ ನಿಂತಿತು. ನಡುವೆ ಬಿಳಿಯ ಚಕ್ರವೊಂದು ತಿರುಗತೊಡಗಿತು. ತಿರುಗಿತು, ತಿರುಗಿತು, ಆಮೇಲೆ ಪರದೆ ಕಪ್ಪಾಯಿತು. ಗಂಟೆಗೂ ಮಿಕ್ಕಿ ಗಾಳಿಗೆ ತೇಲಿದ ಲಾಂಚು ಸಿಗ್ನಲ್ ಇದ್ದ ಜಾಗ ಬಿಟ್ಟು ಎಲ್ಲೋ ಬಂದುಬಿಟ್ಟಿತ್ತು.

ಫೋನನ್ನು ಎತ್ತಿ ಹಿಡಿದರು. ಪಿಕಪ್ಪಿನ ಮೇಲೆ ಹತ್ತಿ ಹಿಡಿದರು. ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲ. ಲಾಂಚಿನ ಮೇಲೆ ಎಂಥ ಮೌನ ಬಂತೆಂದರೆ, ಕೆಳಗೆ ಮುಳುಗಿದ ಮನೆಯ ಬಾಗಿಲು ಕಿರುಗುಟ್ಟಿದ್ದೂ ಕೇಳಬಹುದಿತ್ತು.

ಮಾಸ್ತಪ್ಪ ತನ್ನ ಎರಡು ದೊಡ್ಡ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಲಾಂಚ್ ತಿರುಗಿಸುವ ಆ ಕೈಗಳಿಗೆ ಈಗ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

"ಹೊರಗೆ ಹಾಕಿರ್ತಾರೆ," ಅಂದ. "ರಸ್ತೆ ಬದಿಗೆ ಕೂತಿರುತ್ತೆ ನನ್ನ ಮಗು. ಭಾಷೆ ಬರದ ಊರು. ಅಷ್ಟು ದೂರದಲ್ಲಿ ಒಬ್ಬಳೇ. ಯಾರಿದಾರೆ ಅವಳಿಗೆ?"

"ಆನಿದ್ದಿ," ಅಂದ ವಿಘ್ನೇಶ್ವರ.

ಹೇಳಬೇಕೆಂದು ಹೇಳಿದ್ದಲ್ಲ. ಮನೆಯ ಮಾತು, ಬಾಯನ್ನು ಕೇಳದೆ ಎದೆಯಿಂದ ನೇರ ಬಂದುಬಿಟ್ಟಿತ್ತು. ಜಲಜಮ್ಮ ಹಲಸಿನ ಬೀಜ ಕೈಯಲ್ಲಿ ಹಿಡಿದು ಹಾಗೇ ಕೂತಳು.

"ನಾನಿದೀನಿ ಮಾಸ್ತಪ್ಪಣ್ಣ," ಅಂದ ಅವನು ಮತ್ತೆ, ಈ ಸಲ ಎದ್ದು ನಿಂತು. ಕಾಲು ನಡುಗುತ್ತಿತ್ತು, ನಡುಗಲಿ ಅಂತ ಬಿಟ್ಟ. "ಅವಳು ಗೆದ್ರೂ ಇದೀನಿ, ಹೊರಗೆ ಹಾಕಿದ್ರೂ ಇದೀನಿ. ದುರ್ಗೇಶ್ ಒಳ್ಳೆಯವನೇ. ಆದ್ರೆ ಅವನಿಗೆ ಮಾತು ಕೊಡಬೇಡಿ. ನಿಮಗೆ ಸಿಟ್ಟು ಬಂದ್ರೆ ನನ್ನನ್ನ ಇಲ್ಲೇ ನೀರಿಗೆ ತಳ್ಳಿ. ನಂಗೆ ಈಜು ಬರಲ್ಲ, ಕೆಲಸ ಸುಲಭ."

ಮಾಸ್ತಪ್ಪ ಎದ್ದ. ವಿಘ್ನೇಶ್ವರ ಕಣ್ಣು ಮುಚ್ಚಿದ. ಭಾರದ ಹೆಜ್ಜೆಗಳು ಅವನನ್ನು ದಾಟಿ ಹೋದವು. ಕ್ಯಾಬಿನ್ನಿನ ಬಾಗಿಲು ತೆರೆದ ಸದ್ದು. ಕೀಲಿ ತಿರುಗಿದ ಸದ್ದು.

ಇಂಜಿನ್ ಒಂದೇ ಏಟಿಗೆ ಡಗಡಗ ಅಂತ ಶುರುವಾಯಿತು.

ಲಾಂಚಿನಲ್ಲಿದ್ದ ಹನ್ನೆರಡು ಜನರ ಬಾಯಿ ತೆರೆಯಿತು. "ಕೆಟ್ಟಿತ್ತಲ್ಲ ಮಾಸ್ತಪ್ಪ?" ಅಂದಳು ಜಲಜಮ್ಮ.

"ಕೆಟ್ಟಿತ್ತು."

"ಮತ್ತೆ ಯಾರು ರಿಪೇರಿ ಮಾಡಿದ್ದು?"

"ಈ ಭಟ್ರು," ಅಂದ ಮಾಸ್ತಪ್ಪ, ಲಾಂಚನ್ನು ಮುಳುಗಿದ ಮನೆಯ ಕಡೆ ತಿರುಗಿಸುತ್ತ.

ವಿಘ್ನೇಶ್ವರ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತ. "ನಿಮಗೆ... ಮೊದ್ಲೇ ಗೊತ್ತಿತ್ತಾ?"

ಮಾಸ್ತಪ್ಪ ಮುಂದೆ ನೋಡುತ್ತಲೇ ಮಾತಾಡಿದ. "ಮೂರು ವರ್ಷದಿಂದ ವಾರಕ್ಕೆ ಮೂರು ಸಲ ಈ ಲಾಂಚಲ್ಲಿ ಟೈರ್ ತಗೊಂಡು ಆ ದಂಡೆಗೆ ಹೋಗ್ತೀರಿ ಭಟ್ರೇ. ನನ್ನ ಮಗಳ ಸೈಕಲ್ಲಿಗೆ ಇರೋದು ಎರಡೇ ಚಕ್ರ."

"ಮತ್ತೆ ಆ ದುರ್ಗೇಶ್?"

"ಅವರು ಬರೋದು ಹೌದು. ನೀವಿಬ್ರೂ ಬಾಯಿ ಬಿಡದಿದ್ರೆ ನಾನೇನು ಮಾಡ್ಲಿ? ಮೂರು ವರ್ಷ ಕಾದೆ. ಇವತ್ತೂ ಬಿಡಲ್ಲ ಅಂತ ಆದ್ರೆ, ಮಗಳನ್ನ ಒಳ್ಳೆಯವನಿಗೆ ಕೊಡಣ ಅಂತಿದ್ದೆ." ಚುಕ್ಕಾಣಿ ಒಂದಿಷ್ಟು ತಿರುಗಿಸಿ ಹೇಳಿದ, "ಅವನ ಬಗ್ಗೆ ಸುಳ್ಳು ಹೇಳ್ತೀರೇನೋ ಅಂತ ಕಾದೆ. ಹೇಳಿದ್ರೆ ಆವಾಗ್ಲೇ ಇಂಜಿನ್ ಸ್ಟಾರ್ಟ್ ಮಾಡಿ ದಂಡೆಗೆ ಬಿಟ್ಟು ಕೈ ತೊಳ್ಕೊತಿದ್ದೆ."

"ಬಂತು! ಬಂತು!" ಪಿಕಪ್ಪಿನ ಮೇಲಿಂದ ಕೂಗು.

ಪರದೆಯ ಮೇಲೆ ಖಾಲಿ ರಸ್ತೆ. ಮುಂಚೂಣಿಯವರೆಲ್ಲ ಸೈಕಲ್ ಇಟ್ಟು ಓಡತೊಡಗಿದ್ದರು. ಆ ಖಾಲಿ ರಸ್ತೆಯಲ್ಲಿ ಒಂದೇ ಒಂದು ಸೈಕಲ್ಲು, ಒಂಬತ್ತನೇ ಸುತ್ತು ಹೊಡೆಯುತ್ತಿತ್ತು. ಬೇಲಿಯಾಚೆ ನಿಂತ ಜಪಾನಿನ ಅಜ್ಜಿಯರು ಅವಳೊಬ್ಬಳಿಗೇ ಚಪ್ಪಾಳೆ ತಟ್ಟುತ್ತಿದ್ದರು.

ವಿಘ್ನೇಶ್ವರ ಅವಳ ಬೆನ್ನು ನೋಡಿದ. ಬೆನ್ನು ನಗುತ್ತಿತ್ತು.

*

ಅವಳು ಓಟವನ್ನೂ ಮುಗಿಸಿದಳು. ಮುಗಿಸಿದವರು ನಲವತ್ತೊಂಬತ್ತು ಜನ, ಅವಳು ನಲವತ್ತೊಂಬತ್ತನೆಯವಳು. ಲಾಂಚಿನಲ್ಲಿ ಎದ್ದ ಕೇಕೆಗೆ ಕೊಡಚಾದ್ರಿಯ ಮೇಲಿನ ಮಂಜು ಒಂದು ಗಂಟೆ ಮುಂಚೆಯೇ ಕರಗಿತು. ಹಲಸಿನಹಣ್ಣಿನಲ್ಲಿ ಬೀಜ ಬಿಟ್ಟು ಏನೂ ಉಳಿದಿರಲಿಲ್ಲ. ಮಂಜುನಾಥಪ್ಪ ಗಡಿಯಾರ ನೋಡುವುದನ್ನೇ ಮರೆತಿದ್ದರು.

ಮಾಸ್ತಪ್ಪ ಲಾಂಚನ್ನು ಇನ್ನೇನು ದಂಡೆಯ ಕಡೆ ತಿರುಗಿಸಬೇಕು, ಅವನ ಡಬ್ಬಾ ಫೋನು ಕೂಗಿತು. ಸ್ಪೀಕರ್ ಒತ್ತಿದ.

"ಅಪ್ಪಾ..." ಸಾವಿರಾರು ಮೈಲಿಯಾಚೆಯಿಂದ ಏದುಸಿರು. "ಅಪ್ಪಾ, ನಾನೇ ಕೊನೆ."

"ನೋಡ್ದೆ ಮಗಾ. ತಲೆ ಎತ್ತಿ ಈಜಿದ್ಯಲ್ಲ, ಅದನ್ನೂ ನೋಡ್ದೆ."

ಅತ್ತ ಒಂದು ಬಿಕ್ಕು, ಅದರ ಬಾಲಕ್ಕೇ ಒಂದು ನಗು. ಆಮೇಲೆ ಮೌನ. ವಿಘ್ನೇಶ್ವರನಿಗೆ ಆ ಮೌನ ಗೊತ್ತು. ಏರು ಶುರುವಾಗುವ ಮುಂಚೆ ಅವಳು ಗೇರ್ ಬದಲಿಸುವ ಹೊತ್ತು ಅದು.

"ಅಪ್ಪಾ, ನಿಮ್ಮತ್ರ ಒಂದು ಮಾತು ಹೇಳ್ಬೇಕಿತ್ತು. ನೀವು ಡ್ಯೂಟಿಲಿದೀರೇನೋ, ಅವಸರ ಇದ್ರೆ ಆಮೇಲೆ..."

ಮಾಸ್ತಪ್ಪ ವಿಘ್ನೇಶ್ವರನ ಕಡೆ ನೋಡಿದ. ತುಟಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಅಂತ ಸನ್ನೆ ಮಾಡಿದ. ಇನ್ನೊಂದು ಕೈಯಿಂದ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ನೀರು ಮತ್ತೆ ನಿಶ್ಶಬ್ದವಾಯಿತು.

"ಅವಸರ ಎಂತದೂ ಇಲ್ಲ ಮಗಾ," ಅಂದ. "ನಿಧಾನ ಹೇಳು. ಲಾಂಚ್ ಕೆಟ್ಟು ನಿಂತಿದೆ."